ಬಂಗುಡೆಯ ಹೊಟ್ಟೆಯ ಬಿಳಿ ಹರಳು

೯-೧೧-೮೧, ಸೋಮವಾರ, ಬೆಳಿಗ್ಗೆ ೧೧
ಲ್ಯಾಬಿಗೆ ಹನ್ನೆರಡು ಬಂಗುಡೆ ಮೀನು. ಕಳಿಸಿದ್ದು ಪೊಲೀಸರು. ಏಳರ ಹೊಟ್ಟೆಯಲ್ಲಿ ಸಣ್ಣ ಬಿಳಿ ಹರಳು. ನಿನ್ನೆ ಕೊಟ್ಟಾರದಲ್ಲಿ ಮೀನು ಮಾರುವ ಬೋಜನಿಗೆ ಜನ ಸೇರಿ ಹೊಡೆದಿದ್ದಾರೆ — ಮೀನಿಗೆ ಯೂರಿಯಾ ತುಂಬಿದನಂತೆ. ಎರಡು ಹಲ್ಲು ಹೋದವು, ಸೈಕಲ್ಲು ಹೊಳೆಗೆ ಹೋಯಿತು. ಯೂರಿಯಾ ಹೌದೋ ಅಲ್ಲವೋ, ನಾನು ಹೇಳಬೇಕು.

ಮಧ್ಯಾಹ್ನ ೧೨
ಯೂರಿಯಾ ನೀರಲ್ಲಿ ಕರಗುತ್ತದೆ. ಇದು ತೇಲಿತು. ಕಾದ ಸೂಜಿ ಮುಟ್ಟಿಸಿದೆ. ನೂಲಿನಂತೆ ಎಳೆ ಎದ್ದಿತು, ಆರಿಸಿದ ಮೇಣದ ಬತ್ತಿಯ ವಾಸನೆ. ಪಾಲಿಥೀನ್. ನೀರಲ್ಲಿ ಕರಗದು, ಮಣ್ಣಲ್ಲಿ ಕೊಳೆಯದು, ಹೊಟ್ಟೆಯಲ್ಲಿ ಅರಗದು. ನಲವತ್ತೈದರ ವಯಸ್ಸಲ್ಲೂ ಪ್ರಾಸ ಬರುತ್ತದೆ, ಪ್ರಮೋಶನ್ ಬರುವುದಿಲ್ಲ. ರಿಜಿಸ್ಟರಿಗೆ ಬರೆದೆ. ಬೋಜ ನಿರಪರಾಧಿ.

ಸಂಜೆ ೬
ಹರಳು ಎಲ್ಲಿಯದೆಂದೂ ಗೊತ್ತು. ಹೆಂಡತಿಯ ಅಣ್ಣ ಗುಣಪಾಲನಿಗೆ ಹೊಳೆಬದಿಯಲ್ಲಿ ಪ್ಲಾಸ್ಟಿಕ್ ಚೀಲದ ಫ್ಯಾಕ್ಟರಿ. ಚೆಲ್ಲಿದ್ದನ್ನೆಲ್ಲ ಗುಡಿಸಿ ಹೊಳೆಗೇ ಹಾಕುತ್ತಾನೆ. ಅವನಿಗೇ ಹೇಳಿದೆ.
"ವರದಿ ನಾಲ್ಕು ದಿನ ಇಟ್ಕೊಳ್ಳಿ ಭಾವ. ಗುರುವಾರ ಲೈಸೆನ್ಸಿನವರು ಬರ್ತಾರೆ. ಅಷ್ಟರಲ್ಲಿ ಬೋಜ ಎಂತ ಸಾಯ್ತಾನಾ?"
ಇಟ್ಟುಕೊಂಡೆ.

೧೧-೧೧, ಬುಧವಾರ
ಬೆಳಿಗ್ಗೆ ಬೋಜನ ಹೆಂಡತಿ ದೇಯಿ ಬಂದಿದ್ದಳು. "ಪರೀಕ್ಷೆ ಆಯ್ತಾ ಸರ್? ವರದಿ ಬರ್ಲಿಲ್ಲ ಅಂದ್ರೆ ಯೂರಿಯಾವೇ ಅಂತ ಹೇಳ್ತಾ ಇದ್ದಾರೆ."
"ಆಗ್ತಾ ಉಂಟು," ಎಂದೆ.
ಮಧ್ಯಾಹ್ನ ಬೋಜನ ಮನೆಗೆ ನುಗ್ಗಿದರು. ಅಂಗಳಕ್ಕೆ ಎಳೆದು, ಒನಕೆಯಿಂದ ಬಲಗೈ ಜಜ್ಜಿದರು. ನಾಲ್ಕು ಮಂದಿ ಹಿಡಿದುಕೊಂಡಿದ್ದರಂತೆ. ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ಕತ್ತರಿಸಿದ್ದಾರೆ.
ಪ್ರಾಸ ಇಲ್ಲ.

೧೩-೧೧, ಶುಕ್ರವಾರ
ವರದಿ ಟೈಪ್ ಮಾಡಿದೆ. ಪರೀಕ್ಷೆಯ ದಿನ: ೯. ರಿಜಿಸ್ಟರಿನಲ್ಲಿ ಇದ್ದದ್ದೇ.
ಗುಣಪಾಲ ಬಂದ. ವರದಿ ಕೇಳಿದ; ಕೊಡೆನೆಂದೆ. ಹರಳಿನ ಬಾಟಲಿ ನೆಲಕ್ಕೆ, ನನ್ನ ತಲೆ ಗೋಡೆಗೆ. ಹೊಡೆತಕ್ಕೆ ಒಂದು ತಾಳ ಇತ್ತು. ಹುಬ್ಬು ಒಡೆಯಿತು. ವರದಿಯ ಕಾಗದ ನನ್ನ ಅಂಗಿಯೊಳಗಿತ್ತು.

೧೫-೧೧, ಆಸ್ಪತ್ರೆ
ಎಡಗೈಯಲ್ಲಿ ಬರವಣಿಗೆ. ನಿನ್ನೆ ವರದಿಯನ್ನು ಇಲ್ಲಿಗೆ ತಂದೆ. ಬೋಜನನ್ನು ಹೊರಗೆ ತನ್ನಿ ಎಂದು ಗೇಟಿನಲ್ಲಿ ಗುಂಪು. ಗಟ್ಟಿಯಾಗಿ ಓದಿದೆ. ತಣ್ಣಗಾದರು. ದೇಯಿ ಕಾಗದ ತೆಗೆದುಕೊಂಡಳು. ಐದನೇ ಕ್ಲಾಸು, ತಾರೀಕು ಓದಲು ಸಾಕು.
"ಇವರ ಕೈ ಹೋದದ್ದು ಬುಧವಾರ. ನಿಮಗೆ ಸೋಮವಾರವೇ ಗೊತ್ತಿತ್ತು."
ಹೌದೆಂದೆ.
ಗುಂಪು ನನ್ನ ಮೇಲೆ ಬಿತ್ತು. ಬೋಜನ ಕೈ ಜಜ್ಜಿದವರೇ ಮುಂದೆ — ನ್ಯಾಯಕ್ಕೆ ಈ ಊರಲ್ಲಿ ಆಳಿನ ಕೊರತೆಯಿಲ್ಲ. ಮೂರು ಪಕ್ಕೆಲುಬು, ಬಲಗೈಯ ಬೆರಳುಗಳು. ದೇಯಿ ತಡೆಯಲಿಲ್ಲ. ನೋಡುತ್ತ ನಿಂತಿದ್ದಳು.
ಇನ್ಸ್‌ಪೆಕ್ಟರ್ ಮಂಚದ ಪಕ್ಕ ಕುಳಿತಿದ್ದಾರೆ. ಹೊಡೆದವರ ಹೆಸರು ಬೇಕಂತೆ. ಬರೆದುಕೊಳ್ಳಿ ಎಂದೆ. ಮೊದಲನೆಯದು ನನ್ನದೇ.