ಬಲಗಾಲಿನ ಪಟ್ಟಿ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಹನ್ನೆರಡನೆಯ ತಾರೀಖು, ಮಧ್ಯಾಹ್ನ

ಪ್ರೀತಿಯ ಮೋಟು,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಿದೆಯಾ? ಕ್ಲಬ್ಬಿನವರು ಕೊಟ್ಟ ಮನೆಯ ಮಂಚ ಬದಲಾಯಿತೋ, ಇಲ್ಲ ಇನ್ನೂ ಕಾಲಿನ ಕಡೆಗೆ ಕುರ್ಚಿ ಇಟ್ಟುಕೊಂಡೇ ಮಲಗುತ್ತಿದ್ದೀಯೋ? ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ "ಹ್ಞೂಂ ಅಮ್ಮ, ಎಲ್ಲಾ ಚೆನ್ನಾಗಿದೆ" ಎನ್ನುತ್ತೀಯ, ಮರುಕ್ಷಣವೇ "ಅಪ್ಪ ಇದಾರಾ?" ಎನ್ನುತ್ತೀಯ. ನಿನ್ನ ಆ "ಹ್ಞೂಂ" ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಕಾಗದವನ್ನಾದರೆ ಅರ್ಧಕ್ಕೇ ಕಟ್ ಮಾಡಿ ಜಾರಿಕೊಳ್ಳುವ ಹಾಗಿಲ್ಲ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಲಿಫ್ಟು ಮತ್ತೆ ಕೆಟ್ಟಿದೆ. ರಿಪೇರಿಯವನು ಬಂದ, ಒಳಗೆ ತಲೆ ಹಾಕಿ ನೋಡಿದ, ನಿಟ್ಟುಸಿರು ಬಿಟ್ಟ, ಹೋದ. ಸಾಮಾನು ತರಲು ಹೋದನೋ ಊರು ಬಿಟ್ಟೇ ಹೋದನೋ ತಿಳಿಯದು. ನಿಮ್ಮಪ್ಪ ಮೂರು ಮಹಡಿಯನ್ನೂ ಸರಳು ಹಿಡಿದುಕೊಂಡು ಅಡ್ಡಡ್ಡವಾಗಿ ಇಳಿಯುತ್ತಾರೆ. ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು, ಕಿಟಕಿಯಾಚೆ ಏನೋ ಭಾರಿ ವಿಶೇಷ ನಡೆದಿದೆ ಎನ್ನುವ ಹಾಗೆ ನೋಡುತ್ತಾರೆ. ಎದುರು ಮನೆಯ ಅಜ್ಜಿಯ ಗಿಳಿ ನಿನ್ನ ಪಂದ್ಯಗಳ ಕಾಮೆಂಟರಿ ಕೇಳಿ ಕೇಳಿ "ಫೌಲ್, ಫೌಲ್" ಎಂದು ಕಿರುಚುವುದನ್ನು ಕಲಿತಿದೆ. ನಾನು ಬಾಗಿಲು ತೆಗೆದರೆ ಸಾಕು, ನನ್ನ ಮುಖ ನೋಡಿಯೇ ಕಿರುಚುತ್ತದೆ. ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ನನಗೂ ಹೊತ್ತು ಹೋಗುವುದಿಲ್ಲ. ಅಷ್ಟು ವರ್ಷ ಚೆಕ್ಕಿನ ಮೇಲಿನ ಸಹಿ ಅಸಲಿಯೋ ನಕಲಿಯೋ ಎಂದು ನೋಡಿದ ಕಣ್ಣು ಈಗ ಹಾಲಿನವನ ಮುಖವನ್ನೂ ಹಾಗೇ ನೋಡುತ್ತದೆ. ನನಗೆ ಅನುಮಾನದ ಕಾಯಿಲೆ ಎಂದು ನಿಮ್ಮಪ್ಪ ಹೇಳುವುದು ನಿನಗೆ ಗೊತ್ತೇ ಇದೆ. ಆಗಲಿ ಬಿಡು, ಕಾಯಿಲೆಯೇ ಇರಲಿ. ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳಿನಿಂದ ನೀನು ಬಲಮೊಣಕಾಲಿಗೆ ಕಪ್ಪು ಪಟ್ಟಿ ಹಾಕಿಕೊಂಡು ಆಡುತ್ತಿದ್ದೀಯ. ಟಿವಿಯಲ್ಲಿ ವಟಗುಟ್ಟುವವನು ಪ್ರತಿ ಪಂದ್ಯದಲ್ಲೂ ಅದನ್ನೇ ಹೇಳುತ್ತಾನೆ: ಬಲಮೊಣಕಾಲಿನಲ್ಲಿ ಸಣ್ಣ ನೋವು, ಸ್ಕ್ಯಾನ್ ಮಾಡಿದ್ದಾರೆ, ಏನೂ ಇಲ್ಲ, ಅಭಿಮಾನಿಗಳು ಚಿಂತೆ ಮಾಡುವುದು ಬೇಡ. ಅವನು ನಿನ್ನ ಆಟ ನೋಡಲು ಶುರು ಮಾಡಿದ್ದು ಮೊನ್ನೆ ಮೊನ್ನೆ. ನಾನು ನೋಡುತ್ತಿರುವುದು, ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ ಎಂದು ನಿನ್ನನ್ನು ಮೊದಲಿಗೆ ನಿಲ್ಲಿಸುತ್ತಿದ್ದ ಕಾಲದಿಂದ. ಮೋಟು ಎಂಬ ಹೆಸರು ಬಿದ್ದದ್ದೇ ಆಗ. ಆಮೇಲೆ ಒಂದು ಬೇಸಿಗೆಯಲ್ಲಿ ನಿನ್ನ ಮೈಗೆ ಏನಾಯಿತೋ, ಹೊಲಿಸಿದ ಪ್ಯಾಂಟು ತಿಂಗಳು ತುಂಬುವುದರೊಳಗೆ ಮೀನಖಂಡಕ್ಕೆ ಬಂತು, ನಿಮ್ಮಪ್ಪನ ಮುಖ ಊರಗಲವಾಯಿತು. ಕ್ಲಬ್ಬಿನ ಕಿರಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಿನ್ನನ್ನು ಸೇರಿಸಿದ್ದು ಅವರೇ. ದೊಡ್ಡವರ ತಂಡಕ್ಕೆ ಬಂದ ಮೇಲೂ ಎರಡು ಸೀಸನ್ ನೀನು ಬರೀ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದೆ. ಬೇರೆಯವರ ಅಮ್ಮಂದಿರು ಮಕ್ಕಳು ಆಡುವುದನ್ನು ನೋಡುತ್ತಿದ್ದರು, ನಾನು ನೀನು ಕೂರುವುದನ್ನು ನೋಡುತ್ತಿದ್ದೆ. ಹಾಗಾಗಿ ಹೇಳುತ್ತೇನೆ ಕೇಳು, ನೀನು ಈಗ ಕೂರುವುದು ಮೊದಲಿನ ಹಾಗಿಲ್ಲ. ಎಡಗಾಲನ್ನು ಮುಂದಕ್ಕೆ ಚಾಚಿ ಕೂರುತ್ತೀಯ. ಬಲಗೈಯಲ್ಲಿ ಚೆಂಡು ಹಾಕುವವನು ಎಡಗಾಲೂರಿ ಹಾರಬೇಕು ಎಂದು ನಿಮ್ಮಪ್ಪ ಅಭ್ಯಾಸದ ಮೈದಾನದಲ್ಲಿ "ಎಡಗಾಲು, ಎಡಗಾಲು" ಎಂದು ಕೂಗಿ ಕೂಗಿ ಅಲ್ಲಿನ ಕಂಬಕ್ಕೂ ಪಾಠವಾಗಿತ್ತು. ನೀನೀಗ ಎರಡೂ ಕಾಲೂರಿ ಹಾರುತ್ತೀಯ, ಇಳಿಯುವಾಗ ಬಲಗಾಲಿನ ಮೇಲೆ ಇಳಿಯುತ್ತೀಯ, ಎಡಗಾಲು ಆಮೇಲೆ ಮೆಲ್ಲಗೆ ನೆಲ ಮುಟ್ಟುತ್ತದೆ. ನೋವಿರುವುದು ಬಲಗಾಲಿನಲ್ಲಾದರೆ ಭಾರವನ್ನೆಲ್ಲ ಪಾಪ ಆ ಬಲಗಾಲಿನ ಮೇಲೇ ಯಾಕಪ್ಪಾ ಹಾಕುತ್ತೀಯ?

ಈ ಉಪಾಯ ನಿನ್ನದಲ್ಲ ಎಂದೂ ಗೊತ್ತು. ಇದು ನಿಮ್ಮಪ್ಪನದು. ನೆಂಟರು ಬಂದಾಗಲೆಲ್ಲ ಊಟದ ಮೇಜಿನಲ್ಲಿ ಹೇಳಿ ನಗಿಸುತ್ತಿದ್ದರಲ್ಲ, ತಾವು ಆಡುತ್ತಿದ್ದ ಕಾಲದಲ್ಲಿ ಎಡಮೊಣಕಾಲು ಊದಿದ್ದಾಗ ಬಲಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕಣಕ್ಕಿಳಿದ ಕಥೆ. ಎದುರಾಳಿಗಳೆಲ್ಲ ಬಂದು ಬಂದು ಗಟ್ಟಿಯಾಗಿದ್ದ ಬಲಗಾಲಿಗೇ ಗುದ್ದಿದರಂತೆ, ಇವರು ಮೀಸೆಯೊಳಗೇ ನಗುತ್ತಿದ್ದರಂತೆ. "ಪೆಟ್ಟಿರೋ ಕಡೆ ಪಟ್ಟಿ ಕಟ್ಟೋನು ದಡ್ಡ" ಎಂದು ನಿನ್ನ ತೊಡೆ ತಟ್ಟಿ ಹೇಳುತ್ತಿದ್ದರು. ನೀನೂ ನಗುತ್ತಿದ್ದೆ. ಅವರು ಮಣ್ಣೆರಚಿದ್ದು ಎದುರಾಳಿಗಳ ಕಣ್ಣಿಗೆ. ನೀನು ಒಂದು ಹೆಜ್ಜೆ ಮುಂದೆ ಹೋಗಿ ನಿನ್ನ ಕ್ಲಬ್ಬಿನ ಡಾಕ್ಟರಿಗೇ ಬಲಗಾಲು ತೋರಿಸಿದ್ದೀಯ. ಚೆನ್ನಾಗಿರುವ ಕಾಲನ್ನು ಸ್ಕ್ಯಾನ್ ಮಾಡಿದರೆ ಚೆನ್ನಾಗಿದೆ ಎಂದೇ ಬರುತ್ತದೆ, ಅದಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಾಗಿರಲಿಲ್ಲ.

ಟಿವಿ ನೋಡಿ ಕಥೆ ಕಟ್ಟುತ್ತಿದ್ದೇನೆ ಎನ್ನಬೇಡ. ಹೋದ ಸಲ ನೀನು ಮನೆಗೆ ಬಂದಿದ್ದಾಗ, ಹೊರಡುವ ದಿನ, ನಾನು ಮೇಲಿನಿಂದ ಮೆಟ್ಟಿಲ ಸರಳಿಗೆ ಒರಗಿ ನೋಡುತ್ತಿದ್ದೆ. ನೀನು ಒಮ್ಮೆ ತಲೆಯೆತ್ತಿ ಕೈಬೀಸಿದೆ, ನಾನು ಒಳಗೆ ಹೋದೆ ಎಂದು ನೀನು ಅಂದುಕೊಂಡೆ. ಹೋಗಿರಲಿಲ್ಲ ಕಣೋ. ಎರಡನೆಯ ಮಹಡಿಯಿಂದ ಕೆಳಗೆ ನೀನು ಸರಳು ಹಿಡಿದುಕೊಂಡು ಅಡ್ಡಡ್ಡವಾಗಿ ಇಳಿದೆ, ಥೇಟ್ ನಿಮ್ಮಪ್ಪ. ಒಳಗೆ ಬಂದು ನೋಡಿದರೆ ನಿಮ್ಮಪ್ಪ ನನ್ನ ಮುಖ ನೋಡದೆ ಪೇಪರ್ ಓದುತ್ತಿದ್ದರು, ಅದೂ ಹಳೆಯ ಪೇಪರ್.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಹೋದ ವಾರ ಮನೆಗೆ ಒಂದು ಫೋನು ಬಂತು. ತಾನು ನಿಮ್ಮ ಕ್ಲಬ್ಬಿನ ಡಾಕ್ಟರ್ ಎಂದ ಆ ಮನುಷ್ಯ. ನನಗೆ ಮೊದಲೇ ಕಿವಿ ನೆಟ್ಟಗಾಯಿತು. ಆರಡಿ ಮೇಲೆ ಮತ್ತೊಂದಿಷ್ಟು ಬೆಳೆದ ಗಂಡಸಿನ ಆರೋಗ್ಯ ಕೇಳಲು ಅವನ ಅಮ್ಮನಿಗೆ ಯಾವ ಡಾಕ್ಟರ್ ಫೋನ್ ಮಾಡುತ್ತಾನೆ? ಸಾಲದ್ದಕ್ಕೆ, ನಾನು ಮಾತಾಡುವಾಗ ಕೊನೆಯವರೆಗೂ ಕೇಳಿಸಿಕೊಂಡ. ಡಾಕ್ಟರುಗಳು ಎಲ್ಲಾದರೂ ಹಾಗೆ ಮಾಡುತ್ತಾರಾ? ಕುಶಲ ಕೇಳಿ, ನಿನ್ನ ಬಾಲ್ಯ ಕೇಳಿ, ಆಮೇಲೆ ಮೆಲ್ಲಗೆ "ಮಗ ಮನೆಗೆ ಬಂದಾಗ ಮೆಟ್ಟಿಲು ಹೇಗೆ ಇಳೀತಾರಮ್ಮ?" ಎಂದ. "ಕಾಲಲ್ಲೇ ಇಳೀತಾನೆ" ಎಂದು ಹೇಳಿ ಫೋನ್ ಇಟ್ಟೆ. ಎದುರು ತಂಡದ ಗೂಢಚಾರನೋ, ಪತ್ರಿಕೆಯವನೋ, ಪಂದ್ಯದ ಮೇಲೆ ಬಾಜಿ ಕಟ್ಟುವವನೋ ಎಂದು ದಿನವಿಡೀ ತಲೆ ಕೆಡಿಸಿಕೊಂಡೆ. ಮರುದಿನ ಹಳೆಯ ಟಿಕೆಟಿನ ಹಿಂದೆ ಇದ್ದ ಕ್ಲಬ್ಬಿನ ನಂಬರಿಗೆ ನಾನೇ ಫೋನ್ ಮಾಡಿ ಡಾಕ್ಟರಿಗೆ ಕೊಡಿ ಎಂದೆ. ಕೊಟ್ಟರು. ಅದೇ ದನಿ, ಅದೇ ತಾಳ್ಮೆ. ಉಸಿರೆತ್ತದೆ ಇಟ್ಟುಬಿಟ್ಟೆ. ಆತ ನಿಜವಾದ ಡಾಕ್ಟರೇ ಎಂದು ಗೊತ್ತಾದ ಮೇಲೆ ನನಗೆ ಭಯ ಜಾಸ್ತಿಯಾಯಿತು. ನನಗೆ ಬಂದ ಅನುಮಾನವೇ ಅವರಿಗೂ ಬಂದಿದೆ ಎಂದರೆ ಅದು ಬರೀ ನನ್ನ ಕಾಯಿಲೆಯಲ್ಲ.

ಆಮೇಲೆ ಫ್ರಿಜ್ಜು. ಬೆಣ್ಣೆಯ ಡಬ್ಬಿಯ ಹಿಂದೆ ಪೇಪರಿನಲ್ಲಿ ಸುತ್ತಿದ ಪುಟ್ಟ ಪೆಟ್ಟಿಗೆ ಸಿಕ್ಕಿತು, ಒಳಗೆ ಇಂಜೆಕ್ಷನ್ ಸೀಸೆಗಳು. ಏನಿದು ಎಂದರೆ ನಿಮ್ಮಪ್ಪ "ಎದುರು ಮನೆ ನಾಯಿಗೆ" ಎಂದರು. ಎದುರು ಮನೆಯಲ್ಲಿರುವುದು ಗಿಳಿ ಎಂದು ನೆನಪಿಸಿದಾಗ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಂದ್ಯದ ಹಿಂದಿನ ದಿನ ನಿಮ್ಮಪ್ಪನ ಗೆಳೆಯ ಕಂಪೌಂಡರ್ ಮಾಮ ಬಂದು, ಚಹಾ ಕೂಡ ಕುಡಿಯದೆ, ಆ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ನಿನ್ನೂರಿನ ರೈಲು ಹತ್ತುವುದು ನನಗೆ ಕಾಣುವುದಿಲ್ಲವೇ? ಚಹಾ ಬೇಡ ಎಂದ ದಿನವೇ ಆ ಮನುಷ್ಯ ಸಿಕ್ಕಿಬಿದ್ದಿದ್ದ. ನಿಮ್ಮಪ್ಪನನ್ನು ಕೂರಿಸಿ ಕೇಳಿದೆ. ಮೊದಲು ಕೂಗಾಡಿದರು, ಆಮೇಲೆ ದನಿ ತಗ್ಗಿಸಿ, "ಸೀಸನ್ ಮುಗಿದು ದೊಡ್ಡ ಕ್ಲಬ್ಬಿನ ಒಪ್ಪಂದಕ್ಕೆ ಸಹಿ ಬೀಳೋ ತನಕ ಅಷ್ಟೇ ಕಣೇ. ನೋವು ಗೊತ್ತಾಗದಿದ್ರೆ ಸಾಕು. ನಂಗಂತೂ ಸಿಗ್ಲಿಲ್ಲ, ಅವನಿಗಾದ್ರೂ ಸಿಗ್ಲಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಿನ್ನ ಕೆಟ್ಟದ್ದು ಬಯಸುವವರಲ್ಲ ಅವರು, ಅದು ನನಗೂ ಗೊತ್ತು. ಆದರೆ ಸಿಟ್ಟು ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ.

ಮೋಟು, ನೀನು ಕೆಲಸಕ್ಕೆ ಹೋಗುವ ಮಗನಲ್ಲ, ಹಾರುವುದೇ ನಿನ್ನ ಕೆಲಸ. ಇದನ್ನು ಬಿಟ್ಟು ಬೇರೇನೂ ಕಲಿತಿಲ್ಲ ನೀನು, ಕಲಿಯುವ ವಯಸ್ಸಿನಲ್ಲಿ ನಾವೂ ಕಲಿಸಲಿಲ್ಲ. ಆ ಒಪ್ಪಂದ ತಪ್ಪಿದರೆ ನಿನ್ನ ಎದೆ ಒಡೆಯುತ್ತದೆ ಎಂದು ಗೊತ್ತು. ಆದರೆ ಇದೊಂದನ್ನು ಕೇಳಿಸಿಕೋ. ನಿಮ್ಮಪ್ಪನ ಎಡಗಾಲಿಗೆ ಸಾಕ್ಸ್ ಹಾಕುವುದು ಇಂದಿಗೂ ನಾನೇ. ಅವರಿಗೆ ಬಗ್ಗಿ ಕಾಲು ಮಡಿಸಲು ಆಗುವುದಿಲ್ಲ. ಬೆಳಿಗ್ಗೆ ಎದ್ದು ಮಂಚದ ತುದಿಯಲ್ಲಿ ಕೂತು, ಸಾಕ್ಸ್ ಕೈಯಲ್ಲಿ ಹಿಡಿದು, ನನ್ನನ್ನು ಕರೆಯಲು ನಾಚಿಕೆಯಾಗಿ ಸುಮ್ಮನೆ ಕೆಮ್ಮುತ್ತಾರೆ. ನೀನು ಇದನ್ನು ನೋಡಿಲ್ಲ, ನೀನು ಏಳುವ ಮೊದಲೇ ಮುಗಿದಿರುತ್ತಿತ್ತು. ನೋವು ಗೊತ್ತಾಗದ ಹಾಗೆ ಮಾಡಿಕೊಂಡು ಆಡಿದ ಕಾಲು ಅದು. ನನ್ನ ಮಗ ನಲವತ್ತರ ಹೊತ್ತಿಗೆ ಹಾಗೆ ಕೆಮ್ಮುತ್ತಾ ಕೂರುವುದನ್ನು ನೋಡುವ ಶಕ್ತಿ ನನಗಿಲ್ಲ. ಸೆಮಿಫೈನಲ್ ಮುಂದಿನ ಭಾನುವಾರ ಅಲ್ಲವೇ. ಅಷ್ಟರಲ್ಲಿ ಈ ಕಾಗದ ನಿನಗೆ ತಲುಪಿರುತ್ತದೆ. ನೀನಾಗಿಯೇ ಹೋಗಿ ಆ ಡಾಕ್ಟರಿಗೆ ಎಡಗಾಲು ತೋರಿಸು. ನೀನಾಗಿಯೇ ಹೇಳಿದರೆ ಅದಕ್ಕೊಂದು ಗೌರವ ಇರುತ್ತದೆ. ನಾನು ಅಷ್ಟೇ ಕೇಳುವುದು.

ಮೈ ಜೋಪಾನ. ನೀರು ಚೆನ್ನಾಗಿ ಕುಡಿ, ಒದ್ದೆ ಬನಿಯನ್ನಿನಲ್ಲಿ ಗಾಳಿಗೆ ನಿಲ್ಲಬೇಡ. ಎದುರು ಮನೆಯ ಅಜ್ಜಿ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ನೀನು ಎಲ್ಲಿದ್ದರೂ ನೆಟ್ಟಗೆ ನಿಂತುಕೊಂಡಿರು ಮಗನೇ, ನನ್ನ ಆಶೀರ್ವಾದ ಅಷ್ಟೇ.

ನಿನ್ನ
ಅಮ್ಮ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಕಂಪೌಂಡರ್ ಮಾಮ ಬಂದರು. ಭಾನುವಾರ ಯಾಕೆ ಬಂದರು ಎಂದರೆ, ಕ್ರೀಡಾಂಗಣದ್ದೇನೋ ತೊಂದರೆಯಂತೆ, ಸೆಮಿಫೈನಲನ್ನು ನಾಳೆ ಸಂಜೆಗೇ ಇಟ್ಟಿದ್ದಾರಂತೆ. ಈ ಸಲ ಅವರ ಚೀಲಕ್ಕೆ ಎರಡು ಪೆಟ್ಟಿಗೆ ಹೋಯಿತು. ಕಾಗದ ತಲುಪುವವರೆಗೆ ಕಾಯುವ ಹಾಗಿರಲಿಲ್ಲ ಕಣೋ. ನಿಮ್ಮಪ್ಪ ಅವರನ್ನು ಬಿಡಲು ಕೆಳಗೆ ಇಳಿಯುವಷ್ಟರಲ್ಲಿ ಡಾಕ್ಟರಿಗೆ ಫೋನ್ ಮಾಡಿ, ಎಡಗಾಲು ನೋಡಿ ಎಂದೆ, ಮೆಟ್ಟಿಲು ಹೇಗೆ ಇಳಿದೆ ಎಂದೂ ಹೇಳಿದೆ. ನಾಳೆ ಬೆಳಿಗ್ಗೆಯೇ ನಿನ್ನನ್ನು ಕರೆಸುತ್ತಾರೆ, ಆಡಲು ಬಿಡುವುದಿಲ್ಲ. ನಿಮ್ಮಪ್ಪ ಮೇಲೆ ಬಂದ ಮೇಲೆ ಅವರಿಗೂ ಹೇಳಿದೆ. "ಅವನ ಆಟ ಮುಗಿಸಿಬಿಟ್ಟೆಯಲ್ಲೇ" ಎಂದು ಚಪ್ಪಲಿಯನ್ನೂ ಬಿಚ್ಚದೆ ಕೂತಿದ್ದಾರೆ. ಮುಗಿಸಿರಬಹುದು. ಯಾರು ಹೇಳಿದರು ಎಂದು ನಿನಗೆ ತಿಳಿಸುವುದಿಲ್ಲ ಎಂದು ಡಾಕ್ಟರ್ ತಾವಾಗಿಯೇ ಮಾತು ಕೊಟ್ಟರು, ನಾನು ಕೇಳಿರಲಿಲ್ಲ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಜೊತೆಗೆ ಆಡುವ ಒಬ್ಬೊಬ್ಬ ಹುಡುಗನ ಮುಖವನ್ನೂ ನೋಡುತ್ತಾ ಇವನಿರಬಹುದೇ, ಅವನಿರಬಹುದೇ ಎಂದುಕೊಳ್ಳುತ್ತೀಯ. ಬೇಡ. ಹೇಳಿದ್ದು ನಾನು. ಬೇರೆ ಯಾರ ಮೇಲೂ ಅನುಮಾನ ಪಡಬೇಡ.