ಅಪ್ರೂವ್ ಒತ್ತಿದ ಬೆರಳು

ಜನವರಿ 12, ಸೋಮವಾರ. ಬೆಳಿಗ್ಗೆ 8.30

ಸೊಸೆ ಪದ್ಮಶ್ರೀ ಈಗಷ್ಟೇ ಹರಿಹರದ ಬಸ್ಸಿಗೆ ಹೋದಳು. ಇವತ್ತೂ ಬಾಗಿಲ ಬಳಿ ಮೆಂತ್ಯ ಸೋಸುತ್ತಾ ಅವಳ ಫೋನು ಕಾದದ್ದು ನಾನೇ. ಅಡುಗೆಮನೆಯೊಳಗೆ ಫೋನು ಬರಕೂಡದು. ಈ ಮನೆಯಲ್ಲಿ ಚಪ್ಪಲಿಗೆ ಇರುವ ನಿಯಮವೇ ಅದಕ್ಕೂ. ಹಾಗಾಗಿ ಅದರ ಜಾಗ ಬಾಗಿಲ ಪಕ್ಕದ ಗೂಡು. ಅವಳು ಒಳಗೆ ರೊಟ್ಟಿ ಬಡಿಯುತ್ತಾಳೆ, ಅದು ಹೊರಗೆ ಬಡಿದುಕೊಳ್ಳುತ್ತದೆ.

ಅವಳದು ವಾಲ್ವ್ ಕಾರ್ಖಾನೆ, ಮಾಲು ಕಳಿಸುವ ಡಿಸ್ಪ್ಯಾಚ್ ಸೆಕ್ಷನ್. ದಸರೆ ಆದ ಮೇಲೆ ಅಲ್ಲಿ ಎಲ್ಲವೂ ಆ್ಯಪ್. ಹಾಜರಿಗೆ ಒಂದು, ರಜೆಗೆ ಇನ್ನೊಂದು, ಲಾರಿ ಎಲ್ಲಿದೆ ಎಂದು ನೋಡಲು ಮತ್ತೊಂದು. ಬರೀ ಮಾತಾಡಲಿಕ್ಕೇ ಎರಡು — ಯಾಕೋ. ಬೆಳಗಾದರೆ ಎಲ್ಲವೂ ಸರದಿಯಲ್ಲಿ ಕೇಳುತ್ತವೆ: ನೀವೇನಾ? ಅಪ್ರೂವ್?

"ಕೈ ಹಿಟ್ಟಾಗೈತೆ, ಒಂದೀಟು ಒತ್ತಿಬಿಡ್ರಿ ಅತ್ತೀ" ಎಂದು ಶುರು ಮಾಡಿದ್ದು ಅವಳೇ. ಲಾಕ್ ತೆಗೆಯುವ ಗೆರೆಯನ್ನೂ ಹೇಳಿಕೊಟ್ಟಳು. ಸಣ್ಣ ರಂಗೋಲಿಯ ಎಳೆ ಇದ್ದ ಹಾಗಿದೆ. ಈಗ ಅವಳು ಹೇಳುವುದೂ ಇಲ್ಲ, ನಾನು ಕೇಳುವುದೂ ಇಲ್ಲ. ಹರಿಹರದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಅಪ್ರೂವ್ ಓದಲು ಬರುತ್ತದೆ.

ಮಗ ಯೋಗರಾಜ ನನಗೆ ಪಿ.ಎ. ಮೇಡಂ ಎಂದು ಹೆಸರಿಟ್ಟಿದ್ದಾನೆ. ಗದರಿಸಿದೆ. ಬೇಸರವೇನೂ ಆಗಲಿಲ್ಲ.

ಜನವರಿ 15, ಗುರುವಾರ

ಸಂಕ್ರಾಂತಿ. ಅವಳಿಗೆ ರಜೆ, ಫೋನಿಗೆ ಇಲ್ಲ. ಊಟಕ್ಕೆ ಕೂತವಳು ಎರಡು ಸಲ ಎದ್ದಳು. ಎಲೆಯ ಮುಂದಿಂದ ಏಳುವುದು ಯಾವ ಆಫೀಸಿನ ಪದ್ಧತಿ ಎಂದು ಕೇಳಿದೆ. ಫೋನಿನೊಳಗೆ ನುಗ್ಗುವ ಕಳ್ಳರ ಬಗ್ಗೆ ಆಫೀಸಿನ ವಿಡಿಯೋ ಪಾಠ ಬಂದಿದೆಯಂತೆ, ಇವತ್ತೇ ಮುಗಿಸಬೇಕಂತೆ.

"ಗೊತ್ತಿಲ್ಲದ್ದು ಬಂದ್ರೆ ಒತ್ತಬ್ಯಾಡ್ರಿ ಅಂತ ಪಾಠ ಅತ್ತೀ. ಅದಕ್ಕೂ ಒಂದು ಆ್ಯಪ್ ಮಾಡ್ಯಾರೆ."

"ನೋಡಿದ್ಯಾ?"

"ಓಡಾಕ ಬಿಟ್ಟು ಪಾತ್ರೆ ತೊಳ್ದೆ."

ಬೈಯಬೇಕಿತ್ತು. ಇಬ್ಬರಿಗೂ ನಗು ಬಂತು.

ಜನವರಿ 18, ಭಾನುವಾರ. ಸಂಜೆ

ಅಮಾವಾಸ್ಯೆ. ಬೆಳಿಗ್ಗೆ ಅತ್ತೆ-ಸೊಸೆ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗಿ ಬಂದೆವು. ಮಾರ್ಚಿಗೆ ಅವಳ ಕೆಲಸ ಪರ್ಮನೆಂಟ್ ಆಗಬೇಕು. ಅಜ್ಜಯ್ಯನಿಗೆ ಹೇಳಿಕೊಂಡಿದ್ದಾಳೆ. ನಾನೂ ಹೇಳಿಕೊಂಡಿದ್ದೇನೆ, ಅವಳಿಗೆ ತಿಳಿಸಿಲ್ಲ.

ಅವಳು ಹೊಳೆಗಿಳಿದಳು. ದಂಡೆಯಲ್ಲಿ ಅವಳ ಒಣ ಸೀರೆ, ಚೀಲ, ಫೋನು ಹಿಡಿದು ನಾನು. ಫೋನು ಬಡಿಯಿತು. ಅಪ್ರೂವ್? ಈ ಜನಕ್ಕೆ ಭಾನುವಾರವೂ ಇಲ್ಲವಲ್ಲ ಎಂದು ಬಿಟ್ಟೆ. ಮತ್ತೆ ಬಡಿಯಿತು. ಮತ್ತೆ. ನಿಲ್ಲಿಸಿದರೆ ಆಣೆ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೈ ಮುಗಿದಿದ್ದ ಮುದುಕಿ ಕಣ್ಣು ತೆರೆದು ನನ್ನನ್ನು ನೋಡಿದಳು. ಅಜ್ಜಯ್ಯನ ಸನ್ನಿಧಿಯಲ್ಲಿ ಹೀಗೆ ಸದ್ದು ಮಾಡಿಸಿಕೊಂಡು ನಿಲ್ಲುವವಳಲ್ಲ ನಾನು. ಒತ್ತಿದೆ. ಸುಮ್ಮನಾಯಿತು.

ಅವಳು ನಡುಗುತ್ತಾ ಮೇಲೆ ಬಂದಳು. ತಲೆ ಒರೆಸಿದೆ. ಬರುವಾಗ ಮಂಡಕ್ಕಿ ತಿಂದೆವು. ಖಾರ ಸಾಲದು ಎಂದಳು. ಇವಳಿಗೆ ಎಷ್ಟಾದರೂ ಸಾಲದು.

ಜನವರಿ 20, ಮಂಗಳವಾರ

ಮಧ್ಯಾಹ್ನವೇ ಮನೆಗೆ ಬಂದಳು. ಮುಖ ತೊಳೆದು ಸೀದಾ ಒಲೆಯ ಮುಂದೆ ನಿಂತಳು.

ಯಾರೋ ಅವಳ ಹೆಸರಿನಲ್ಲಿ ಆಫೀಸಿನ ಮೇಲ್ ಒಳಗೆ ಹೊಕ್ಕಿದ್ದಾರೆ. ಪುಣೆಗೆ ಹೊರಟ ಮಾಲನ್ನು ಬೇರೆ ಕಡೆ ಇಳಿಸಿ ಎಂದು ಅವಳೇ ಬರೆದ ಹಾಗೆ ಲಾರಿಯವರಿಗೆ ಬರೆದಿದ್ದಾರೆ. ಲಾರಿ ಹುಬ್ಬಳ್ಳಿ ದಾಟಿತ್ತು. ಹೊಸ ಜಾಗಕ್ಕೆ ದಾರಿ ಕೇಳಲು ಡ್ರೈವರ್ ಇವಳಿಗೇ ಫೋನು ಮಾಡಿದ್ದರಿಂದ ಮಾಲು ಉಳಿಯಿತು. ಕಳ್ಳರ ಹತ್ತಿರ ಪಾಸ್‌ವರ್ಡ್ ಮೊದಲೇ ಇತ್ತಂತೆ. ಅಷ್ಟೂ ಆ್ಯಪಿಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದಾಳೆ, ಅಲ್ಲಿ ಎಲ್ಲರೂ ಹಾಗೇ ಇಡುವುದು. ಆದರೂ ಫೋನಿನಲ್ಲಿ ಯಾರಾದರೂ ಅಪ್ರೂವ್ ಒತ್ತದೆ ಬಾಗಿಲು ತೆರೆಯದು. ಭಾನುವಾರ ಬೆಳಿಗ್ಗೆ ಒತ್ತಿದ್ದಾರೆ.

ಭಾನುವಾರ ಬೆಳಿಗ್ಗೆ.

ಇಷ್ಟನ್ನೂ ಸಾರು ಕಲಕುತ್ತಲೇ ಹೇಳಿದಳು. ನನ್ನ ಕಡೆ ತಿರುಗಲಿಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ.

ಜನವರಿ 21, ಬುಧವಾರ

ಯೋಗರಾಜ ತಿಂಡಿ ತಿನ್ನುವಾಗ ಬಾಯಿ ತಪ್ಪಿ ಹೇಳಿಬಿಟ್ಟ. ಒತ್ತಿದ್ದು ತಾನೇ ಎಂದು ಅವಳು ಆಫೀಸಿನಲ್ಲಿ ಬರೆದುಕೊಟ್ಟು ಬಂದಿದ್ದಾಳೆ.

ಅವನು ಅಂಗಡಿಗೆ ಹೋಗುವ ತನಕ ಕಾದೆ.

"ನಾನು ಒತ್ತಿದ್ದು ಅಂತ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕರೆಸ್ತಾರೆ. ಆ ಆಫೀಸಿನ ಹುಡುಗ್ರ ಮುಂದೆ ನೀವು ತಲೆ ತಗ್ಗಿಸಿ ನಿಲ್ಲೋದು ನನಗೆ ಬ್ಯಾಡ ಅತ್ತೀ. ಕೆಲ್ಸ ಇನ್ನೊಂದು ಸಿಗುತ್ತೆ."

"ಇನ್ನೊಬ್ಬ ಅತ್ತಿ ಸಿಗಾದಿಲ್ಲ ಅಂತೀಯೇನು?"

"ಸಿಕ್ರೆ ಬ್ಯಾಡ ಅನ್ನಲ್ಲ."

ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದೆ. ನಗು ಹೌದು. ಬರೀ ನಗುವಲ್ಲ.

ನನಗಾಗಿ ಈ ಮನೆಯಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಇವಳಂತೂ ಹೇಳಲೇಕೂಡದು.

ಜನವರಿ 22, ಗುರುವಾರ. ಮಧ್ಯಾಹ್ನ 3

ಹರಿಹರಕ್ಕೆ ಹೋಗಿ ಬಂದೆ. ದೇವಸ್ಥಾನಕ್ಕೆ ಎಂದು ಹೇಳಿ ಹೋಗಿದ್ದೆ. ಹುಟ್ಟಿದ ಊರು, ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಇಳಕಲ್ ಸೀರೆ ಉಟ್ಟಿದ್ದೆ, ಮದುವೆಮನೆಗೆ ಉಡುವುದು.

ಗೇಟಿನಲ್ಲೇ ತಡೆದರು. ಒಳಗೆ ಹೋಗಲಿಕ್ಕೂ ಆ್ಯಪ್, ಒಟಿಪಿ. ನನ್ನದು ಗುಂಡಿ ಫೋನು. ಸೆಕ್ಯುರಿಟಿಯವನು ಆಕಡೆ ಈಕಡೆ ನೋಡಿ ತನ್ನದೇ ನಂಬರ್ ಹಾಕಿ ಒಳಗೆ ಬಿಟ್ಟ. ಎಲ್ಲರಿಗೂ ಹಾಗೇ ಮಾಡುತ್ತಾನಂತೆ, ಇಲ್ಲದಿದ್ದರೆ ಲಾರಿ ಸಾಲು ರಸ್ತೆಗೆ ಬರುತ್ತದಂತೆ. ಅವರ ಲೆಕ್ಕದಲ್ಲಿ ಇವತ್ತು ಒಳಗೆ ಹೋದದ್ದು ನಾಗಕ್ಕ ಎಂಬ ನಾನಲ್ಲ, ಆ ಮೀಸೆಯ ಸೆಕ್ಯುರಿಟಿಯವನೇ.

ಒಳಗೆ ರೇಖಾ ಮೇಡಂ, ಪದ್ಮಶ್ರೀಗಿಂತ ಮೇಲಿನವರು. ಪಕ್ಕದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಇಮ್ರಾನ್. ಕೂಡ್ರಿ ಎಂದರು. ನಿಂತೇ ಹೇಳಿದೆ.

"ಒತ್ತಿದ್ದು ಈ ಬೆರಳು. ಅವಳು ಹೊಳ್ಯಾಗಿದ್ಲು. ನನ್ನ ಮಾನ ಉಳಿಸಾಕ ಸುಳ್ಳು ಬರ್ದಾಳೆ. ತಪ್ಪು ನಂದು."

ಮಕ್ಕಳ ವಯಸ್ಸಿನವರ ಮುಂದೆ ಆ ಮಾತು ಆಡಿದೆ.

ಎಷ್ಟು ಸಲ ಬಡಿಯಿತು ಎಂದು ಇಮ್ರಾನ್ ಕೇಳಿದ. ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ. "ಅವ್ರು ಮಾಡೋದೇ ಹಂಗೆ ಅಮ್ಮ. ಬ್ಯಾಸತ್ತು ಒತ್ತೋ ತನಕ ಬಡೀತಾರೆ."

"ನಿಮ್ಮವೂ ದಿನಾ ಹಂಗೇ ಬಡೀತಾವಲ್ಲಪ್ಪ. ಕಳ್ಳ ಬಡಿಯೋದು ಯಾವುದು, ಮನಿಯವ್ರು ಬಡಿಯೋದು ಯಾವುದು? ಹೆಂಗೆ ತಿಳೀಬೇಕು?"

ಅವನು ಮೇಡಂ ಮುಖ ನೋಡಿದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಮೇಡಂ ಫೋನು ಬಡಿಯಿತು. ಅವರು ನನ್ನನ್ನು ನೋಡುತ್ತಲೇ ಹೆಬ್ಬೆರಳು ಚಾಚಿ ಒತ್ತಿಬಿಟ್ಟರು. ಒತ್ತಿದ ಮೇಲೆ ಕೈ ಹಾಗೇ ನಿಂತಿತು.

ಚಹಾ ತರಿಸಿದರು. ಫೋನು ಬೇರೆಯವರ ಕೈಗೆ ಕೊಟ್ಟದ್ದು ತಪ್ಪೇ, ಅದನ್ನು ಬರೆಯಲೇಬೇಕು ಎಂದರು ಮೇಡಂ. ಬರೀರಿ ಎಂದೆ. ಕೆಲಸದ ಬಗ್ಗೆ ಮೇಲಿನವರನ್ನು ಕೇಳಿ ಹೇಳುತ್ತಾರಂತೆ. ನ್ಯಾಯದ ಮಾತು.

ದೇವಸ್ಥಾನಕ್ಕೂ ಹೋದೆ. ಹೇಳಿ ಬಂದದ್ದು ಸುಳ್ಳಾಗಬಾರದಲ್ಲ.

ಜನವರಿ 23, ಶುಕ್ರವಾರ

ಇಮ್ರಾನ್ ಫೋನು ಮಾಡಿ ಅವಳಿಗೆ ಎಲ್ಲ ಹೇಳಿದ್ದಾನೆ. ಅವಳು ನನ್ನ ಮುಂದೆ ಆ ಮಾತು ಎತ್ತಲಿಲ್ಲ. ಮಧ್ಯಾಹ್ನ ಮಾತ್ರ ನನ್ನ ತಲೆಗೆ ಎಣ್ಣೆ ಹಚ್ಚುತ್ತೇನೆ ಎಂದು ಬಂದು ಕೂತಳು. ಬ್ಯಾಡ ಎಂದೆ. ಹಚ್ಚಿದಳು.

ಫೆಬ್ರುವರಿ 2, ಸೋಮವಾರ

ಇವತ್ತಿಂದ ಮತ್ತೆ ಕೆಲಸಕ್ಕೆ. ಒಂದು ವಾರ್ನಿಂಗ್ ಕಾಗದ ಕೊಟ್ಟಿದ್ದಾರೆ. ಮಾರ್ಚಿನ ಪರ್ಮನೆಂಟ್ ಮುಂದಕ್ಕೆ ಹೋಯಿತು — ಮುಂದಕ್ಕೆ ಅಷ್ಟೇ, ಕೈತಪ್ಪಿಲ್ಲ. ಇಮ್ರಾನ್ ಹೋರಾಡಿ ಕೆಲವು ಆ್ಯಪ್ ತೆಗೆಸಿದನಂತೆ. ಯಾವ ಯಾವುದು ತೆಗೆದೆವು ಎಂದು ತಿಳಿಸಲು ಹೊಸ ಗ್ರೂಪ್ ಮಾಡಿದ್ದಾರಂತೆ.

ಫೋನಿನ ಲಾಕ್ ಬದಲಿಸಿದ್ದಾಳೆ. ತಲೆ ತಗ್ಗಿಸಿ ಹೇಳಿದಳು. ಒಳ್ಳೆಯದಾಯಿತು ಎಂದೆ.

ಒಳ್ಳೆಯದೇ ಆಯಿತು. ಬಾಗಿಲ ಬಳಿ ಕೂತರೆ ಈಗ ಬರೀ ಸೊಪ್ಪು. ಬೇಗ ಮುಗಿದುಹೋಗುತ್ತದೆ.

ಫೆಬ್ರುವರಿ 4, ಬುಧವಾರ. ಬೆಳಿಗ್ಗೆ 7.20

ಗೂಡಿನಲ್ಲಿ ಬಡಿಯಿತು. ಕೂತೇ ಇದ್ದೆ. ಬಡಿಯುತ್ತಲೇ ಇತ್ತು. "ಬಿಡ್ರಿ ಅತ್ತೀ, ಬಡ್ಕಳ್ಳಿ" ಎಂದಳು ಒಳಗಿನಿಂದ. ಹೀಗೆ ಬಿಟ್ಟು ಬಿಟ್ಟೇ ಅಲ್ಲವೇ, ಕೊನೆಗೆ ಬೇಸತ್ತು ನೋಡದೆ ಒತ್ತುವುದು.

ಎದ್ದೆ. ಅಂಚಿನಲ್ಲಿ ಹಿಡಿದು ಒಳಗೆ ಒಯ್ದೆ. ಅಡುಗೆಮನೆಯೊಳಗೆ. ಪದ್ಮಶ್ರೀ ರೊಟ್ಟಿ ಬಡಿಯುವುದು ನಿಲ್ಲಿಸಿ ನೋಡಿದಳು.

"ಅತ್ತೀ, ಅದು ಇಲ್ಲಿಗೆ —"

"ಸುಮ್ನಿರು. ಓದು."

ಕೈ ತುಂಬ ಹಿಟ್ಟು. ನನ್ನ ಸೆರಗಿನಿಂದ ಅವಳ ಒಂದು ಬೆರಳು ಒರೆಸಿದೆ. ತುಟಿ ಅಲ್ಲಾಡಿಸುತ್ತಾ ಓದಿದಳು. ಹಾಜರಿಯದು, ಒತ್ತಿದಳು. ಮುಂದಿನದು ಲಾರಿಯದು, ಒತ್ತಿದಳು. ಆಮೇಲೆ ಬಂದದ್ದನ್ನು ಎರಡು ಸಲ ಓದಿದಳು. "ಇದು ನಾನು ಕೇಳಿದ್ದಲ್ಲ" ಎಂದು 'ಇಲ್ಲ' ಒತ್ತಿದಳು. ಇಮ್ರಾನ್‌ಗೂ ಹೇಳು ಎಂದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಸೀದದ್ದು ನನಗಿರಲಿ ಎಂದೆ.

ಅಕ್ಕಿ ಡಬ್ಬಿಯ ಮೇಲೆ ಮಡಿ ಬಟ್ಟೆ ಹಾಸಿ ಫೋನಿಗೆ ಜಾಗ ಮಾಡಿಕೊಟ್ಟು ಬಂದೆ. ಯೋಗರಾಜ ನೋಡಿದರೆ ನಗುತ್ತಾನೆ. ನಗಲಿ.

ಇಷ್ಟು ಬರೆಯುವುದರೊಳಗೆ ಮತ್ತೆ ಬಡಿಯುತ್ತಿದೆ. ಒಳಗಿನಿಂದ ಕೂಗುತ್ತಿದ್ದಾಳೆ — ಅತ್ತೀ, ಸೆರಗು ತರ್ರಿ ಅಂತ. ಎದ್ದೆ.