ನಟ್ಟಿನ ಮೇಲಿನ ಹಳದಿ ಗೆರೆ

ಹದಿನಾಲ್ಕನೇ ತಾರೀಕು, ಮಂಗಳವಾರ
(ಬುಧವಾರ ಆಗೋಕೆ ಇನ್ನು ಹತ್ತು ನಿಮಿಷ ಇದೆ)

ಅಪ್ಪಾ,

ನಮಸ್ಕಾರ. ಮೂರು ವಾರದಿಂದ ನನ್ನ ಕಡೆಯಿಂದ ಮಾತಿಲ್ಲ ಕತೆಯಿಲ್ಲ ಅಂತ ಅಮ್ಮ ಗೊಣಗ್ತಿರ್ತಾಳೆ, ಗೊತ್ತು. ತಪ್ಪಾಯ್ತು. ಫೋನ್ ಮಾಡಿದ್ರೆ ನಿಮಗೆ ಸರಿಯಾಗಿ ಕೇಳಿಸಲ್ಲ, ಕೂತು ಬರೆಯೋಣ ಅಂದ್ರೆ ನಾನು ಕೂತ ಕಡೆ ಕೂರೋ ಪ್ರಾಣಿ ಅಲ್ಲ. ಅದಕ್ಕೇ ಈ ಉಪಾಯ. ನಾನು ಓಡಾಡ್ತಾ ಫೋನಿಗೆ ಹೇಳ್ತೀನಿ, ಅದು ಅಕ್ಷರ ಮಾಡುತ್ತೆ, ಅಕ್ಕ ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ನಿಮ್ಮ ಕೈಗೆ ಕೊಡ್ತಾಳೆ. ಓಡಾಟ ಅಂದ್ರೆ ಏನು, ಈ ರೂಮಿನ ಆ ಗೋಡೆಯಿಂದ ಈ ಗೋಡೆಗೆ ಆರೇ ಹೆಜ್ಜೆ. ಜೊತೆಗಿರೋ ಅಡುಗೆಯವನು ಮುಸುಕು ಹೊದ್ಕೊಂಡೇ "ಪುಣ್ಯಾತ್ಮ, ನಿಂತ್ಕೊಂಡಾದ್ರೂ ಮಾತಾಡೋ, ನೋಡೋಕೇ ತಲೆ ತಿರುಗುತ್ತೆ" ಅಂತಿದಾನೆ.

ನಾನು ಚೆನ್ನಾಗಿದೀನಿ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಈ ನಾಲ್ಕನೇ ಕೆಲಸ ಬಿಡಲ್ಲ ಅನ್ಸುತ್ತೆ. ಕ್ಲಿನಿಕ್‌ಗಳಿಂದ ರಕ್ತದ ಸ್ಯಾಂಪಲ್ ತಗೊಂಡು ಪೆಟ್ಟಿಗೇಲಿಟ್ಟು ಲ್ಯಾಬಿಗೆ ಮುಟ್ಟಿಸೋದು. ಊರೋರ ರಕ್ತವೆಲ್ಲ ನನ್ನ ಬೆನ್ನ ಮೇಲೆ! ಪೆಟ್ಟಿಗೆ ಅಲುಗಾಡಬಾರದು. ನಾನು, ಅಲುಗಾಡದೆ ಗಾಡಿ ಓಡಿಸ್ತೀನಿ ಅಂದ್ರೆ ಅಮ್ಮ ನಂಬ್ತಾಳಾ ಕೇಳಿ.

ಮುಖ್ಯ ಸುದ್ದಿಗೆ ಬರ್ತೀನಿ. ನೀವು ಹೇಳಿದ ಕೆಲಸ ಮುಗೀತು. ಹಳೇ ಬೈಕಿನ ಮುಂದಿನ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಬ್ರೇಕ್ ಹಾಕಿಸ್ದೆ.

ನಾಲ್ಕು ತಿಂಗಳು ತಡ ಮಾಡಿದೆ, ನಿಜ. ನನ್ನ ಹಿಂದೆ ಕೂತಿದ್ದ ಅಕ್ಕ ಬಿದ್ದ ದಿನದಿಂದ ಏಳು ವರ್ಷ ಆ ಬೈಕು ಅಂಗಡಿ ಹಿಂದೆ ಟಾರ್ಪಾಲ್ ಅಡಿ ನಿಂತಿತ್ತು. ನೀವು ಅದನ್ನ ಬಿಚ್ಚಿ ನೋಡ್ಲಿಲ್ಲ, ಬೇರೆಯವರಿಗೂ ಕೊಡ್ಲಿಲ್ಲ. ಲಾರಿಗೆ ಹಾಕಿ ನನಗೆ ಕಳಿಸೋವಾಗ ಹೇಳಿದ್ದು ಒಂದೇ ಮಾತು: "ಮುಂದಿನ ಬ್ರೇಕ್ ಪೂರ್ತಿ ಬದಲಾಯಿಸು. ನನ್ನ ಕೈ ಹಾಕಿದ ಬ್ರೇಕ್ ನಂಬ್ಕೊಂಡು ನನ್ನ ಮಕ್ಕಳು ಇನ್ನೊಂದು ಸಲ ಬೀಳೋದು ಬೇಡ." ಬ್ರೇಕ್ ಕೆಲಸ ಅಂದ್ರೆ ಪಕ್ಕದೂರಿಂದ ಗಾಡಿ ತಳ್ಕೊಂಡು ನಿಮ್ಮ ಹತ್ರ ಬರ್ತಿದ್ರು. ಅಂಥವರು ಅಂಗಡಿ ಮುಂದೆ "ಇಲ್ಲಿ ಬ್ರೇಕ್ ಕೆಲಸ ಮಾಡುವುದಿಲ್ಲ" ಅಂತ ಬೋರ್ಡ್ ಹಾಕಿ ಚೈನು, ಆಯಿಲ್, ಪಂಕ್ಚರ್ ಅಂತ ಕೂತ್ರಲ್ಲ. ಅದನ್ನ ನೆನೆಸ್ಕೊಂಡ್ರೆ ನನಗೆ ಊಟ ಸೇರಲ್ಲ.

ಇಲ್ಲಿ ಮೇಲ್ಸೇತುವೆ ಕೆಳಗೆ ಒಂದು ಗ್ಯಾರೇಜಿದೆ. ನಡೆಸೋದು ಅಮ್ಮನ ವಯಸ್ಸಿನ ಒಬ್ಬ ಹೆಂಗಸು. ಏಪ್ರನ್ ಜೇಬಲ್ಲಿ ಯಾವಾಗ್ಲೂ ಸ್ಪ್ಯಾನರ್, ಅದಕ್ಕೇ ಎಲ್ಲರ ಬಾಯಲ್ಲೂ ಸ್ಪ್ಯಾನರಮ್ಮ. ಗುಜರಿಯಿಂದ ಹೊಸ ಮಾಡೆಲ್‌ನ ಮುಂದಿನ ಚಕ್ರ, ಫೋರ್ಕು, ಡಿಸ್ಕು, ಎಲ್ಲ ಒಂದೇ ಗಾಡಿಯದ್ದೇ ಹುಡುಕಿ ತಂದಿದ್ರು. "ಒಂದರ ತಲೆ ಇನ್ನೊಂದರ ಬಾಲ ಅಂಟಿಸೋ ಕೆಲಸ ನನ್ನ ಹತ್ರ ನಡೆಯಲ್ಲ" ಅಂದ್ರು. ಥೇಟ್ ನಿಮ್ಮದೇ ಮಾತು.

ಹಳೇ ಚಕ್ರ ಬಿಚ್ಚಿ ಡ್ರಮ್ ತೆಗೆದವರು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ರು.

"ಇದನ್ನ ಯಾರೋ ಸೆಟ್ ಮಾಡಿದ್ದು?"

"ನಮ್ಮಪ್ಪ. ಏಳು ವರ್ಷ ಆಯ್ತು."

"ಆಮೇಲೆ ಯಾರೂ ಕೈ ಹಾಕಿಲ್ವಾ?"

"ಇಲ್ಲ."

"ಬಾ ಇಲ್ಲಿ, ನೋಡು. ಒಳಗಿನ ಬ್ರೇಕ್ ಶೂನ ಅಂಚೆಲ್ಲ ಅರದಲ್ಲಿ ಉಜ್ಜಿ ಇಳಿಜಾರು ಮಾಡಿದಾರೆ, ಕಿರುಗುಟ್ಟಬಾರದು ಅಂತ. ಇಷ್ಟು ತಾಳ್ಮೆ ಈಗ ಯಾರಿಗಿದೆ?" ಆಮೇಲೆ ಕೇಬಲ್ ತುದಿಯ ನಟ್ಟನ್ನ ಬಟ್ಟೇಲಿ ಒರೆಸಿದ್ರು. ನಿಮ್ಮ ಹಳದಿ ಗೆರೆ ಅಪ್ಪಾ! ಕೆಲಸ ಮುಗಿಸಿ ನಟ್ಟಿನ ಮೇಲರ್ಧ, ಪಕ್ಕದ ಕಡ್ಡಿ ಮೇಲರ್ಧ ಎಳೀತಿದ್ರಲ್ಲ, ಅದೇ. ನಟ್ಟು ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ತುಂಡಾಗಿರಬೇಕು. ತುಂಡಾಗಿಲ್ಲ. ಈ ಕಡೆಯಿಂದ ಆ ಕಡೆಗೆ ನೆಟ್ಟಗಿದೆ.

"ಇಂಥ ಬ್ರೇಕ್ ತೆಗೆಸ್ತೀಯಲ್ಲ, ತಲೆ ನೆಟ್ಟಗಿದ್ಯಾ?"

"ಅಪ್ಪನೇ ತೆಗೆಸು ಅಂದ್ರು."

"ಯಾಕೆ?"

ನಾನು ಬಗ್ಗಿ ಕೆಳಗೆ ಬಿದ್ದಿದ್ದ ಬೋಲ್ಟು ಆರಿಸೋಕೆ ಶುರು ಮಾಡ್ದೆ. ಕನ್ನಡಕದ ಮೇಲಿಂದ ಒಂದು ಸಲ ನೋಡಿದ್ರು. ಮತ್ತೆ ಕೇಳ್ಲಿಲ್ಲ. ನಟ್ಟು ಬಿಚ್ಚಿದ್ರೆ ಗೆರೆ ಹೋಗುತ್ತೆ ಅಂತ ಕೇಬಲ್ಲನ್ನೇ ಕತ್ತರಿಸಿ, ಶೂ, ನಟ್ಟು ಎಲ್ಲ ಕೂತಿರೋ ಬ್ರೇಕ್ ಪ್ಲೇಟನ್ನ ಹಾಗೇ ಪೇಪರಲ್ಲಿ ಸುತ್ತಿ ನನ್ನ ಕೈಗಿಟ್ರು. "ಮನೆಗೆ ಕಳಿಸು. ಗುಜರಿಗೆ ಹಾಕೋ ಸಾಮಾನಲ್ಲ ಇದು."

ಆಮೇಲೆ ಹೊಸ ಬ್ರೇಕಿನ ಪೈಪಿಂದ ಗಾಳಿ ತೆಗೆಯೋ ಕೆಲಸ. ಅದಕ್ಕೆ ಎರಡು ಜನ ಬೇಕು. ನಾನು ಹ್ಯಾಂಡಲ್‌ನ ಬ್ರೇಕ್ ಲಿವರ್ ಒತ್ತಿ ಹಿಡ್ಕೋಬೇಕು, ಅವರು ಕೆಳಗೆ ಸಣ್ಣ ತಿರುಪು ಸಡಿಲಿಸಿ ಆಯಿಲ್ ಜೊತೆ ಗುಳ್ಳೆ ಹೊರಗೆ ಬಿಡಬೇಕು, ತಿರುಪು ಬಿಗಿ ಮಾಡಿ "ಬಿಡು" ಅಂದ್ಮೇಲೇ ನಾನು ಬಿಡಬೇಕು. ಬಿಡು ಅನ್ನೋಕೆ ಮುಂಚೆ ಬಿಟ್ರೆ ಗಾಳಿ ವಾಪಸ್ ಒಳಗೆ. ನಾನು ಮೂರು ಸಲ ಬಿಟ್ಟೆ.

"ಲೋ, ನಿನ್ನ ಕೈಗೇನು ಇರುವೆ ಹತ್ತಿದ್ಯಾ? ನಾನು ಹೇಳೋವರೆಗೂ ಹಿಡ್ಕೊಂಡಿರು. ಲೋಕ ಮುಳುಗಲ್ಲ."

ಚಿಕ್ಕವರಿದ್ದಾಗ ಅಂಗಡೀಲಿ ಈ ಕೆಲಸಕ್ಕೆ ನೀವು ಅಕ್ಕನ್ನೇ ಕರೀತಿದ್ರಿ, ನನ್ನನ್ನಲ್ಲ. ಯಾಕೆ ಅಂತ ಅರ್ಥ ಆಯ್ತು. ನಾಲ್ಕನೇ ಸಲ ಹಲ್ಲು ಕಚ್ಕೊಂಡು ಹಿಡ್ದೆ. ಪೈಪಲ್ಲಿ ಗುಳ್ಳೆ ನಿಂತು ಬರೀ ಆಯಿಲ್ ಇಳೀತು, ಲಿವರ್ ಬೆರಳ ಕೆಳಗೆ ಕಲ್ಲಾಯ್ತು. ಅವರು "ಹ್ಞಾ, ಈಗ ಬಿಡು" ಅಂದಾಗ ಯಾಕೋ ಬಿಡೋಕೇ ಮನಸ್ಸಾಗ್ಲಿಲ್ಲ.

ಗಾಡಿ ಈಗ ಹೇಗಿದೆ ಗೊತ್ತಾ? ಎರಡೇ ಬೆರಳು ಸಾಕು. ಹಳೇ ಡ್ರಮ್ಮಿದ್ದಾಗ ಸಿಗ್ನಲ್‌ಗೆ ನಾನು ತುಂಬ ಹಿಂದಿರೋ ಕನ್ನಡಕದಂಗಡಿ ಹತ್ರಾನೇ ಬ್ರೇಕ್ ಶುರು ಮಾಡ್ತಿದ್ದೆ. ಮೊದಲ ದಿನ ಅದೇ ಅಭ್ಯಾಸದಲ್ಲಿ ಒತ್ತಿದೆ ನೋಡಿ, ಸಿಗ್ನಲ್ ಎಲ್ಲೋ, ನಾನೆಲ್ಲೋ, ಕನ್ನಡಕದಂಗಡಿ ಮುಂದೆ ನಡುರಸ್ತೇಲಿ ಕಂಬದ ಹಾಗೆ ನಿಂತುಬಿಟ್ಟೆ. ಹಿಂದೆ ಬಸ್ಸು. "ಹೊಸ ಬ್ರೇಕ್ ಅಣ್ಣಾ" ಅಂದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ "ಅದಕ್ಕೇನು ನಾವೆಲ್ಲ ಇಳಿದು ಕೈಮುಗೀಬೇಕಾ? ಮುಂದೆ ಹೋಗೋ" ಅಂದ. ಆದ್ರೆ ಪೆಟ್ಟಿಗೇಲಿ ಒಂದು ಟ್ಯೂಬೂ ಅಲುಗಿರಲಿಲ್ಲ.

ಅಮ್ಮನಿಗೆ ಹೇಳಿ, ತೂಕ ಇಳಿದಿಲ್ಲ. ಅಕ್ಕನ ಪುಟ್ಟಿಗೆ ನೂರು ಮುತ್ತು, ನೂರು ವರ್ಷ ನಗ್ತಾ ಇರಲಿ. ನಿಮ್ಮ ಕೈ ನನ್ನ ತಲೆ ಮೇಲಿದೆ ಅಂದ್ಕೊಂಡು ಮಲಗ್ತೀನಿ.

ಇಂತಿ,
ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ ನಿಮ್ಮ ಮಗ

ತಾಜಾ ಕಲಂ: ಮಲಗ್ಲಿಲ್ಲ ಅಪ್ಪಾ. ಅಡುಗೆಯವನು ಗೊರಕೆ ಹೊಡೀತಿದಾನೆ, ನಾನು ಇನ್ನೂ ಆರು ಹೆಜ್ಜೆ ಅಳೀತಿದೀನಿ.

ಅವತ್ತು ನಿಮ್ಮ ಬ್ರೇಕ್ ಕೆಟ್ಟಿರಲಿಲ್ಲ. ನಾನು ಲಿವರ್ ಮುಟ್ಟಲೇ ಇಲ್ಲ. ತಿರುವಲ್ಲಿ ಕೈಗಾಡಿ ಕಾಣಿಸ್ತು, ಗಾಡಿಗೂ ಗೋಡೆಗೂ ನಡುವೆ ಸಂದಿ ಕಾಣಿಸ್ತು, ನುಗ್ಗಿಬಿಡೋಣ ಅಂತ ಆಕ್ಸಿಲರೇಟರ್ ತಿರುವಿದೆ. ಹಿಂದೆ ಅಕ್ಕ "ನಿಲ್ಸೋ" ಅಂತ ಕಿರುಚಿದ್ದೂ ಕೇಳಿಸಿತ್ತು. ನೀವು ಅಂಗಡಿಯಿಂದ ಗ್ರೀಸ್ ಕೈಯಲ್ಲೇ ಓಡಿ ಬಂದು "ಏನಾಯ್ತೋ" ಅಂದ್ರಿ. "ಒತ್ತಿದೆ ಅಪ್ಪಾ, ಬ್ರೇಕ್ ಕೆಲಸ ಮಾಡ್ಲಿಲ್ಲ" ಅಂದೆ. ನನಗೆ ಹದಿನೇಳು. ಏಟು ಬೀಳುತ್ತೆ ಅಂತ ಹೆದರಿದ್ದೆ. ನೀವು ಹೊಡೀಲಿಲ್ಲ. ನಿಮ್ಮ ಕೈಗಳನ್ನ ನೋಡ್ಕೊಂಡ್ರಿ.

ಅಕ್ಕಾ, ಪ್ರಿಂಟ್ ತೆಗೆಯೋವಾಗ ಇದನ್ನ ಮೊದಲು ಓದೋಳು ನೀನೇ. ನಿನ್ನ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಿಚಲ್ಲ, ಅದು ನನ್ನಿಂದ. ನಿನಗೆ ಗೊತ್ತಿತ್ತಾ ಅಂತ ಕೇಳೋ ಧೈರ್ಯ ಏಳು ವರ್ಷ ಆಗ್ಲಿಲ್ಲ. ಎಷ್ಟೇ ಕೋಪ ಬಂದ್ರೂ ಕಾಗದದ ಈ ತುದಿ ಕತ್ತರಿಸಬೇಡ, ಅಪ್ಪನ ಕೈಗೆ ಪೂರ್ತಿ ಕೊಡು.

ಅಪ್ಪಾ, ಆ ಬ್ರೇಕ್ ಪ್ಲೇಟಿನ ಪಾರ್ಸೆಲ್ ಶುಕ್ರವಾರ ಬರುತ್ತೆ. ಮುಂದಿನ ತಿಂಗಳು ನಾನೇ ಬರ್ತೀನಿ, ಬೈಯೋದು ಹೊಡಿಯೋದು ಎಲ್ಲ ಆಗ ಇಟ್ಕೊಳ್ಳಿ. ಮೊದಲು ಆ ಗೆರೆ ನೋಡಿ. ಆಮೇಲೆ ಸ್ಟೂಲ್ ಹತ್ತಿ ಆ ಬೋರ್ಡ್ ಇಳಿಸಿ. ಸ್ಟೂಲನ್ನ ಅಕ್ಕ ಹಿಡ್ಕೋತಾಳೆ, ನೀವು ಹೇಳೋವರೆಗೂ ಬಿಡಲ್ಲ.